ಕೂಡಿ ಉಳೋಣ, ಆದರೆ ಹೆಸರು ಬರೆಸೋಣ



ಈ ಪತ್ರಿಕೆಯ ಪುಟಗಳಲ್ಲಿ ನಾವು ಕೃಷಿ ವಿಜ್ಞಾನಿಗಳು ಸಾಮಾನ್ಯವಾಗಿ ತಳಿ, ಗೊಬ್ಬರ, ಕೀಟ, ರೋಗಗಳ ವಿಷಯ ಬರೆಯುತ್ತೇವೆ. ಇಂದು ಅದಾವುದೂ ಅಲ್ಲದ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ. ನೀವು ಉಳುವ ಭೂಮಿಯ ಉತಾರದಲ್ಲಿ ಯಾರ ಹೆಸರಿದೆ?

ಈ ಪ್ರಶ್ನೆ ನನ್ನ ತಲೆಯನ್ನು ಹೊಕ್ಕದ್ದು ಜೋಯಿಡಾ ತಾಲ್ಲೂಕಿನ ಕಾಡಿನ ನಡುವೆ, ಹತ್ತು-ಹನ್ನೆರಡು ಮನೆಗಳಿರುವ ಒಂದು ಕುಣಬಿ ಊರಿನಲ್ಲಿ. ಮಣ್ಣು ಪರೀಕ್ಷೆಯ ಫಲಿತಾಂಶ ತಿಳಿಸಲು ಅಲ್ಲಿಗೆ ಹೋಗಿದ್ದೆ. ಗದ್ದೆಯ ಮಣ್ಣು ಹುಳಿಯಾಗಿತ್ತು. ಸುಣ್ಣ ಹಾಕಬೇಕು, ಸಹಾಯಧನಕ್ಕೆ ಉತಾರ ಹಿಡಿದುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಎಂದು ಮನೆಯ ಹಿರಿಯ ಹೆಣ್ಣುಮಗಳಿಗೆ ಹೇಳಿದೆ. ಆಕೆ ಗಂಡನನ್ನು ಕಳೆದುಕೊಂಡು ಆರು ವರ್ಷವಾಗಿತ್ತು. "ಸಾಹೇಬರೇ, ಗದ್ದೆ ನಮ್ಮದೇ, ಕಾಗದ ಮಾತ್ರ ನಮ್ಮ ಮಾವನ ಅಪ್ಪಂದು" ಎಂದಳು. ಮೂರು ತಲೆಮಾರಿನ ಹಿಂದಿನ ಆ ಹೆಸರಿನ ಕೆಳಗೆ ಇಂದು ನಾಲ್ಕು ಒಲೆಗಳು ಉರಿಯುತ್ತಿವೆ. ಉಳುವವರು ಒಬ್ಬರು, ಉತಾರದಲ್ಲಿ ಇರುವವರು ಇನ್ನೊಬ್ಬರು. ಅವರೂ ಈಗ ಇಲ್ಲ!

ಇಂಥ ಊರಿನಲ್ಲಿ ಆಸ್ತಿ ಎಂದರೆ ಏನು? ಹಳ್ಳದ ಬದಿಯ ಭತ್ತದ ಗದ್ದೆ, ಅಂಗಳದ ಸುತ್ತಲಿನ ನಾಲ್ಕಾರು ತೆಂಗು, ಹಲಸು, ಹಟ್ಟಿಯ ದನಗಳು, ಹಿತ್ತಿಲ ಗೆಡ್ಡೆ-ಗೆಣಸು. ಜೋಯಿಡಾದ ಗೆಡ್ಡೆ-ಗೆಣಸು ಮೇಳವನ್ನು ನೋಡಿದವರಿಗೆ ಗೊತ್ತು, ಎಷ್ಟು ಬಗೆಯ ಗೆಡ್ಡೆಗಳನ್ನು ಈ ಜನ ಕಾಪಾಡಿಕೊಂಡು ಬಂದಿದ್ದಾರೆ! ಯಾವ ಗೆಡ್ಡೆಯನ್ನು ಬೀಜಕ್ಕೆ ಇಡಬೇಕು, ಯಾವುದನ್ನು ಯಾವಾಗ ಅಗೆಯಬೇಕು ಎಂಬ ತಿಳಿವಳಿಕೆ ಹೆಚ್ಚಾಗಿ ಹೆಂಗಸರ ಕೈಯಲ್ಲಿದೆ. ಸಸಿ ನಾಟಿ, ಕಳೆ, ಬೀಜದ ಸಂಗ್ರಹ ಎಲ್ಲವೂ ಅವರದೇ. ಆದರೆ ಉತಾರದ 9ನೆಯ ಕಾಲಮ್ಮಿನಲ್ಲಿ ಅವರ ಹೆಸರನ್ನು ಹುಡುಕಿದರೆ ಸಿಗುವುದು ಅಪರೂಪ.

"ನಮ್ಮೂರಲ್ಲಿ ಎಲ್ಲರಿಗೂ ಗೊತ್ತು, ಯಾರ ಗದ್ದೆ ಯಾವುದು ಅಂತ. ಕಾಗದ ಯಾಕೆ?" ಎಂದು ನೀವು ಕೇಳಬಹುದು. ಊರಿನವರಿಗೆ ಗೊತ್ತು, ನಿಜ. ಆದರೆ ಸಹಕಾರ ಸಂಘಕ್ಕೆ, ಬೆಳೆ ವಿಮೆಗೆ, ಕಾಡುಹಂದಿ ಗದ್ದೆ ಹಾಳು ಮಾಡಿದಾಗ ಕೊಡುವ ಪರಿಹಾರಕ್ಕೆ ಊರಿನ ನೆನಪು ಸಾಲದು. ಅಲ್ಲೆಲ್ಲ ಕೇಳುವುದು ಕಾಗದವನ್ನೇ. ಕಾಳಿ ನದಿಗೆ ಅಣೆಕಟ್ಟು ಬಂದು ಹಳೆಯ ಸೂಪಾ ಪಟ್ಟಣವೇ ನೀರಿನಡಿ ಹೋಯಿತು. ಅಂಥ ಹೊತ್ತಿನಲ್ಲಿ ಪರಿಹಾರದ ಲೆಕ್ಕ ನಡೆಯುವುದು ದಾಖಲೆಯ ಮೇಲೆ, ನೆನಪಿನ ಮೇಲಲ್ಲ.

ಒಬ್ಬ ಬೇಸಾಯ ವಿಜ್ಞಾನಿಯಾಗಿ ನನಗೆ ಕಾಣುವ ನಷ್ಟ ಇನ್ನೂ ಒಂದಿದೆ. ನಾಳೆ ಯಾರ ಪಾಲಿಗೆ ಹೋದೀತೋ ಎಂದು ತಿಳಿಯದ ಭೂಮಿಗೆ ಯಾರೂ ಮನಸ್ಸಿಟ್ಟು ದುಡಿಯುವುದಿಲ್ಲ. ಸುಣ್ಣದ ಫಲ ಎರಡು-ಮೂರು ಬೆಳೆಗೆ ಬರುತ್ತದೆ, ಒಡ್ಡಿನ ಫಲ ಹತ್ತಾರು ವರ್ಷಕ್ಕೆ, ತೆಂಗಿನ ಫಲ ಮುಂದಿನ ತಲೆಮಾರಿಗೆ. ಹೆಸರು ಗಟ್ಟಿಯಿಲ್ಲದ ಕಡೆ ವರ್ಷದ ಬೆಳೆಯೊಂದೇ ಉಳಿಯುತ್ತದೆ. ಭೂಮಿ ಮಾತ್ರ ವರ್ಷ ವರ್ಷ ಸವೆಯುತ್ತದೆ.

ಪಾಲು ಬೇರೆ, ಹೆಸರು ಬೇರೆ

"ಎಲ್ಲರ ಹೆಸರು ಬರೆಸಿದರೆ ಗದ್ದೆ ಚೂರುಚೂರಾಗುತ್ತದೆ" ಎಂಬ ಭಯ ಹಿರಿಯರಲ್ಲಿದೆ. ಈ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಮ್ಮ ಕಣಿವೆಯ ಗದ್ದೆಗಳಲ್ಲಿ ಮೇಲಿನ ಮಡಿಯ ನೀರು ಕೆಳಗಿನ ಮಡಿಗೆ ಇಳಿಯಬೇಕು. ನಡುವೆ ಹೊಸ ಬದು, ಹೊಸ ದಾರಿ ಬಂದರೆ ನೀರಿಗೂ ಜಗಳ, ನೆಲಕ್ಕೂ ನಷ್ಟ. ಆದರೆ ಉತಾರದಲ್ಲಿ ಜಂಟಿಯಾಗಿ ಹೆಸರು ಬರೆಸುವುದೇ ಒಂದು, ಗದ್ದೆಗೆ ಬದು ಹಾಕುವುದೇ ಮತ್ತೊಂದು. ನಾಲ್ವರ ಹೆಸರಿದ್ದೂ ಒಂದೇ ನೇಗಿಲಿನಲ್ಲಿ ಉಳಬಹುದು, ಬಂದ ಭತ್ತವನ್ನು ಕಣದಲ್ಲಿ ಹಂಚಿಕೊಳ್ಳಬಹುದು. ಗದ್ದೆ ಕೂಡಿಯೇ ಇರಲಿ, ಹಕ್ಕು ಮಾತ್ರ ಬರೆದಿರಲಿ ಎಂಬುದೇ ನನ್ನ ವಾದ.

ಹೆಣ್ಣುಮಕ್ಕಳ ಪಾಲಿನ ಮಾತು ಬಂದಾಗ ಅನೇಕರು ಮುಖ ತಿರುಗಿಸುತ್ತಾರೆ. ಹಿಂದೂ ವಾರಸಾ ಕಾಯಿದೆಗೆ 1994ರಲ್ಲಿ ಕರ್ನಾಟಕದಲ್ಲಿಯೂ 2005ರಲ್ಲಿ ಇಡೀ ದೇಶದಲ್ಲಿಯೂ ತಿದ್ದುಪಡಿ ಜಾರಿಗೆ ಬಂದು, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಬಂದಿದೆ. ಪರಿಶಿಷ್ಟ ಪಂಗಡಗಳಿಗೆ ಈ ಕಾಯಿದೆ ತಾನಾಗಿ ಅನ್ವಯಿಸುವುದಿಲ್ಲ. ಆದ್ದರಿಂದ ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಬಾಂಧವರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ ಮುಂದುವರಿಯುವುದು ಒಳ್ಳೆಯದು. ಹೆಂಗಸರಿಗೂ ಪರಿಶಿಷ್ಟರಿಗೂ ಅಲ್ಲಿ ವಕೀಲರ ಸಹಾಯ ಉಚಿತ.

ಈ ಪ್ರಶ್ನೆ ನಮ್ಮ ಘಟ್ಟದವರಿಗೆ ಮಾತ್ರ ಬಂದದ್ದಲ್ಲ. ಇಂಡೊನೇಷ್ಯದ ಸುಮಾತ್ರಾ ದ್ವೀಪದ ಗುಡ್ಡಗಾಡಿನಲ್ಲಿ ಭತ್ತ ಬೆಳೆಯುವ ಬಟಾಕ್ ಜನರಲ್ಲಿಯೂ ಗದ್ದೆ-ಮನೆ ತಂದೆಯಿಂದ ಗಂಡುಮಕ್ಕಳಿಗೆ ಇಳಿಯುವುದೇ ಹಳೆಯ ಪದ್ಧತಿ. ಅವರಲ್ಲಿ ಕರೋ ಎಂಬ ಪಂಗಡದ ಒಂದು ವ್ಯಾಜ್ಯದಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ 1961ರಷ್ಟು ಹಿಂದೆಯೇ ಮಗಳಿಗೂ ಪಾಲುಂಟು ಎಂದು ತೀರ್ಪಿತ್ತಿತು.

ಅತಿಕ್ರಮಣವೆಂಬ ಹಣೆಪಟ್ಟಿ

ಉತಾರವೇ ಇಲ್ಲದವರ ಗತಿಯೇನು? ದಾಂಡೇಲಿ, ಜೋಯಿಡಾ ಸುತ್ತಿನ ಎಷ್ಟೋ ಕುಟುಂಬಗಳು ತಲೆಮಾರುಗಳಿಂದ ಉಳುತ್ತಿರುವುದು ಅರಣ್ಯವೆಂದು ದಾಖಲಾದ ಭೂಮಿಯನ್ನು. ಬ್ರಿಟಿಷರ ಕಾಲದಲ್ಲಿ ಕುಮರಿ ಬೇಸಾಯಕ್ಕೆ ಕಡಿವಾಣ ಬಿತ್ತು. ಉಳುವವನಿಗೆ ಅತಿಕ್ರಮಣದಾರನೆಂಬ ಹಣೆಪಟ್ಟಿ ಅಂಟಿತು. 2006ರ ಅರಣ್ಯ ಹಕ್ಕು ಕಾಯಿದೆ ಇದನ್ನು ಸರಿಪಡಿಸಲೆಂದೇ ಬಂದದ್ದು. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಸಾಗುವಳಿ ಮಾಡುತ್ತಿದ್ದರೆ, 4 ಹೆಕ್ಟೇರು ಮೀರದಂತೆ ಹಕ್ಕು ಕೇಳಬಹುದು. ಅದನ್ನು ಮಾರುವಂತಿಲ್ಲ, ಆದರೆ ಮಕ್ಕಳಿಗೆ ಇಳಿಯುತ್ತದೆ. ಮದುವೆಯಾದವರಿಗೆ ಹಕ್ಕುಪತ್ರವನ್ನು ಗಂಡ-ಹೆಂಡತಿ ಇಬ್ಬರ ಹೆಸರಿನಲ್ಲೂ ಕೊಡಬೇಕು. ಕಾಡಿನ ಭೂಮಿಗೆ ಆಗುವ ಈ ನ್ಯಾಯ ನಮ್ಮ ಮಾಲ್ಕಿ ಗದ್ದೆಗೆ ಯಾಕಾಗಬಾರದು?

ಈ ಕಾಯಿದೆಯಲ್ಲೂ ಒಂದು ಮುಳ್ಳಿದೆ. ಪರಿಶಿಷ್ಟ ಪಂಗಡದವರಲ್ಲದವರು ಮೂರು ತಲೆಮಾರಿನ, ಅಂದರೆ 75 ವರ್ಷಗಳ ನೆಲೆಯನ್ನು ತೋರಿಸಬೇಕು. ಗಡಿಯಾಚೆ ಗೋವೆಯಲ್ಲಿ 2003ರಲ್ಲಿ ಪಂಗಡದ ಪಟ್ಟಿಗೆ ಸೇರಿದ ಕುಣಬಿಗಳಿಗೆ ಈ ಹೊರೆಯಿಲ್ಲ. ಈಚೆಯ ಕುಣಬಿಗಳಿಗೆ ಇದೆ. ಒಂದೇ ಗುಡ್ಡದ ಎರಡು ಮಗ್ಗುಲಿಗೆ ಎರಡು ನ್ಯಾಯ ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಅದು ಸರಿಯಾಗುವ ತನಕ ಕೈಕಟ್ಟಿ ಕೂರಬೇಡಿ. ಊರ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಹಳೆಯ ಒಡ್ಡು, ಬಾವಿ, ದೇವರ ಬನ, ಮಸಣದ ಜಾಗವೂ ಸಾಕ್ಷ್ಯ. ಒಂದಕ್ಕಿಂತ ಹೆಚ್ಚು ಸಾಕ್ಷ್ಯಗಳನ್ನು ಕೂಡಿಸಿ. ಎಂಬತ್ತು ದಾಟಿದ ಅಜ್ಜ-ಅಜ್ಜಿ ನಿಮ್ಮೂರಲ್ಲಿದ್ದರೆ ಅವರ ಮಾತನ್ನು ಈ ವರ್ಷವೇ ಬರೆದಿಡಿ. ಮುಂದಿನ ವರ್ಷಕ್ಕೆ ತಳ್ಳಬೇಡಿ. ಗ್ರಾಮಸಭೆಯ ತೀರ್ಮಾನ ಒಪ್ಪಿಗೆಯಾಗದಿದ್ದರೆ 60 ದಿನಗಳೊಳಗೆ ಉಪವಿಭಾಗ ಮಟ್ಟದ ಸಮಿತಿಗೆ ಮೇಲ್ಮನವಿ ಕೊಡಬಹುದು.

ಈ ಬೇಸಿಗೆಯ ಕೆಲಸ

ಉತಾರವಿರುವವರು ಮೊದಲು ಅದರ ಹೊಸ ಪ್ರತಿ ತೆಗೆಸಿ ಓದಿ. ತೀರಿಹೋದವರ ಹೆಸರಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ ಜೋಡಿಸಿ ಪೌತಿ ಖಾತೆಗೆ ನಾಡಕಚೇರಿಯಲ್ಲಿ ಅರ್ಜಿ ಕೊಡಿ. ವಂಶವೃಕ್ಷದಲ್ಲಿ ವಿಧವೆಯನ್ನೂ, ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನೂ ಬಿಡಬೇಡಿ. ಬಿಟ್ಟರೆ ಇಂದು ಕೆಲಸ ಸುಲಭವಾದೀತು, ನಾಳೆ ಕೋರ್ಟಿನಲ್ಲಿ ಕಷ್ಟವಾದೀತು. ಎಲ್ಲರೂ ಒಂದೆಡೆ ಸೇರುವ ಹಬ್ಬದ ದಿನವೇ ಈ ಮಾತು ಎತ್ತಿ. ಅಣ್ಣ-ತಮ್ಮಂದಿರು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿರುವಾಗ ಸಹಿ ಹಾಕಿಸುವುದು ಸುಲಭ. ಮನಸ್ಸು ಮುರಿದ ಮೇಲೆ ಅಲ್ಲ.

ಆ ತಾಯಿಯ ಗದ್ದೆಗೆ ಬೇಕಾದದ್ದು ಕೆಲವು ಚೀಲ ಸುಣ್ಣ ಅಷ್ಟೇ. ಆದರೆ ಸುಣ್ಣಕ್ಕಿಂತ ಮೊದಲು ಆಕೆಗೆ ಬೇಕಾದದ್ದು ಉತಾರದಲ್ಲಿ ಒಂದು ಸಾಲು. ನಿಮ್ಮ ಮನೆಯಲ್ಲಿ ಆ ಸಾಲು ಇದೆಯೇ? ಇಂದೇ ಪೆಟ್ಟಿಗೆ ತೆರೆದು ನೋಡಿ.