ಮೀನಿನ ತೊಟ್ಟಿಯೂ ನೀರಿನ ಶುದ್ಧಿಯೂ

ಕಾಸರಗೋಡಿನ ಅಡಿಕೆ ತೋಟಗಳ ನಡುವಿನ ಮನೆಗಳಲ್ಲಿ ಸಾವಿರ, ಎರಡು ಸಾವಿರ ಲೀಟರು ನೀರು ಹಿಡಿಯುವ ಮೀನಿನ ತೊಟ್ಟಿಗಳನ್ನು ಈಚೆಗೆ ನಾವು ಕಾಣುತ್ತಿದ್ದೇವೆ. ಕೆಲವರು ಅಂದಕ್ಕೆಂದು ಜಗಲಿಯಲ್ಲಿ ಗಾಜಿನ ತೊಟ್ಟಿ ಇರಿಸಿದ್ದಾರೆ; ಕೆಲವು ಯುವಕರು ಬಣ್ಣದ ಮೀನು ಸಾಕಿ ಮಾರುವ ಹಂಬಲದಿಂದ ಸಾಲವನ್ನೂ ಮಾಡಿದ್ದಾರೆ. ಸಂತೋಷವೇ. ಆದರೆ ನೀರನ್ನು ಸೋಸುವ ಏರ್ಪಾಡನ್ನು ಆರಿಸುವಲ್ಲಿ ನಮ್ಮವರು ಎಡವುತ್ತಿದ್ದಾರೆಂಬುದು ನಮ್ಮ ಅಭಿಪ್ರಾಯ. ತೊಟ್ಟಿಗೆ, ಮೀನಿಗೆ, ದೀಪಕ್ಕೆ ಧಾರಾಳವಾಗಿ ಖರ್ಚು ಮಾಡಿದವರು ಕೊನೆಗೆ ಅಂಗಡಿಯವರು ಕೈಗಿತ್ತ ಫಿಲ್ಟರನ್ನು ಹೊತ್ತು ತರುತ್ತಾರೆ.

ಫಿಲ್ಟರೆಂದರೆ ಕಸ ಹಿಡಿಯುವ ಜರಡಿ ಎಂದು ಹೆಚ್ಚಿನವರ ಎಣಿಕೆ. ನೀರು ಕನ್ನಡಿಯಂತೆ ತಿಳಿಯಾಗಿದ್ದರೂ ಮೀನು ಸಾಯುವುದುಂಟು. ತಿಂದ ತಿಂಡಿಯ ಸಾರಜನಕವು ಮೀನಿನ ಕಿವಿರುಗಳ ಮೂಲಕ ಅಮೋನಿಯವಾಗಿ ಹೊರಬೀಳುತ್ತದೆ. ಒಂದು ಕಿಲೋ ತಿಂಡಿಯಿಂದ ಸುಮಾರು 30 ಗ್ರಾಂ ಅಮೋನಿಯ ಸಾರಜನಕ ನೀರಿಗೆ ಸೇರುವುದು. ಈ ವಿಷವನ್ನು ಮೊದಲು ನೈಟ್ರೈಟ್, ಬಳಿಕ ನೈಟ್ರೇಟ್ ಆಗಿ ಬದಲಿಸುವ ಕೆಲಸ ಬ್ಯಾಕ್ಟೀರಿಯಗಳದು. ಹಟ್ಟಿಗೊಬ್ಬರವನ್ನು ಅಡಿಕೆ ಬುಡದಲ್ಲಿ ಬೇರಿಗೆ ಒದಗಿಸಿಕೊಡುವ ಬಳಗದವೇ ಇವು. 1890ರ ಸುಮಾರಿಗೆ ರಷ್ಯದ ವಿಜ್ಞಾನಿ ಸೆರ್ಗೈ ವಿನೊಗ್ರಾದ್‌ಸ್ಕಿಯವರು ಇವುಗಳನ್ನು ಬೇರ್ಪಡಿಸಿ ಬೆಳೆಸಿ ತೋರಿಸಿದರು. ಮಣ್ಣನ್ನು ಬಲ್ಲ ಕೃಷಿಕನಿಗೆ ಫಿಲ್ಟರು ಹೊಸ ವಿದ್ಯೆಯೇನೂ ಅಲ್ಲ.

ಈ ಜೀವಿಗಳಿಗೆ ಬೇಕಾದುದು ಮೂರು: ಅಂಟಿಕೊಳ್ಳಲು ಜಾಗ, ಉಸಿರಿಗೆ ಆಮ್ಲಜನಕ, ನೀರಿನಲ್ಲಿ ಸುಣ್ಣದ ಅಂಶ. ಒಂದು ಗ್ರಾಂ ಅಮೋನಿಯ ಸಾರಜನಕವನ್ನು ಬದಲಿಸಲು ಸುಮಾರು ನಾಲ್ಕೂವರೆ ಗ್ರಾಂ ಆಮ್ಲಜನಕವೂ, ಏಳು ಗ್ರಾಂ ಸುಣ್ಣಕಲ್ಲಿಗೆ ಸಮನಾದ ಕ್ಷಾರವೂ ವ್ಯಯವಾಗುವುದು. ಮುರಕಲ್ಲಿನ ನೆಲದಲ್ಲಿರುವ ನಮ್ಮ ಬಾವಿ, ಸುರಂಗಗಳ ನೀರಾದರೋ ಬಹಳ ಮೃದು, ತುಸು ಹುಳಿ. ಇದ್ದ ಕ್ಷಾರವು ಬೇಗ ಮುಗಿದು ಫಿಲ್ಟರಿನ ಕೆಲಸ ನಿಲ್ಲುತ್ತದೆ. ಚೆನ್ನಾಗಿ ತೊಳೆದ ಮರುವಾಯಿ ಚಿಪ್ಪುಗಳನ್ನು ಒಂದು ಬಲೆಚೀಲದಲ್ಲಿ ತುಂಬಿ ಫಿಲ್ಟರಿನಲ್ಲಿಟ್ಟರೆ ಅವು ಮೆಲ್ಲಮೆಲ್ಲನೆ ಕರಗಿ ಈ ಕೊರತೆಯನ್ನು ತುಂಬುತ್ತವೆ. ಸುಟ್ಟ ಸುಣ್ಣವನ್ನು ಮಾತ್ರ ಹಾಕಲೇಬಾರದು. ಅದು ಮೀನನ್ನೇ ಸುಡುವುದು.

ಇನ್ನು ನಮ್ಮದೇ ಒಂದು ಅನುಭವ. ನಮ್ಮ ಜಗಲಿಯ ಸಾವಿರ ಲೀಟರಿನ ತೊಟ್ಟಿಗೆ ಪೇಟೆಯಿಂದ ಮುಚ್ಚಿದ ಡಬ್ಬಿಯ ಫಿಲ್ಟರು ತಂದಿದ್ದೆವು. ನೋಡಲು ಚೆಂದ, ಸದ್ದಿಲ್ಲ. ಒಂದು ಆಟಿಯ ರಾತ್ರಿ ಮರ ಬಿದ್ದು ತಂತಿ ಕಡಿದು ಕರೆಂಟು ಹೋದದ್ದು ಮರುದಿನ ಮಧ್ಯಾಹ್ನ ಬಂತು. ಅಷ್ಟರಲ್ಲಿ ಡಬ್ಬಿಯೊಳಗೆ ನಿಂತ ನೀರಿನ ಆಮ್ಲಜನಕ ಮುಗಿದು ಒಳಗಿನದೆಲ್ಲ ಕೊಳೆತಿತ್ತು. ಕರೆಂಟು ಬಂದೊಡನೆ ಪಂಪು ಆ ನಾರುವ ನೀರನ್ನು ತೊಟ್ಟಿಗೆ ಉಗುಳಿತು. ಸಂಜೆಯೊಳಗೆ ಹದಿನಾಲ್ಕು ಮೀನು ಹೊಟ್ಟೆ ಮೇಲಾಗಿ ತೇಲಿದುವು. ಫಿಲ್ಟರಿನ ಮೇಲೆ ತಪ್ಪು ಹೊರಿಸಲಾರೆವು. ಕರೆಂಟಿನ ಭರವಸೆಯಿಲ್ಲದ ಮನೆಗೆ ಅದನ್ನು ಆರಿಸಿದ ತಪ್ಪು ನಮ್ಮದು.

ಆದುದರಿಂದ ಹಳ್ಳಿಯ ದೊಡ್ಡ ತೊಟ್ಟಿಗೆ ಬಾಯಿ ತೆರೆದ ಡ್ರಮ್ಮಿನ ಫಿಲ್ಟರೇ ಉತ್ತಮವೆಂದು ನಾವು ಹೇಳುತ್ತೇವೆ. ಇನ್ನೂರು ಲೀಟರಿನ ಶುದ್ಧ ಡ್ರಮ್ಮೊಂದನ್ನು ತೊಟ್ಟಿಗಿಂತ ತಗ್ಗಿನಲ್ಲಿ ಇಡಿರಿ. ತುಂಬಿ ಹರಿಯುವ ನೀರು ಕೊಳವೆಯ ಮೂಲಕ ಡ್ರಮ್ಮಿಗೆ ಇಳಿದು, ಮೊದಲು ಗಸಿ ಬಿಟ್ಟು, ಬಳಿಕ ಸ್ಪಂಜನ್ನೂ ತೊಳೆದ ಹಳೆಯ ಮೀನುಬಲೆಯ ಉಂಡೆಗಳನ್ನೂ ಹಾದು ಬರಲಿ. ತೆಂಗಿನ ನಾರು ಬೇಡ, ಅದು ಕೊಳೆಯುತ್ತದೆ. ಕೊನೆಗೆ ಪಂಪು ನೀರನ್ನು ಮೇಲೆತ್ತಲಿ. ಗಂಟೆಗೆ ತೊಟ್ಟಿಯ ನೀರಿನ ಮೂರು ನಾಲ್ಕು ಪಾಲು ತಿರುಗಿದರೆ ಸಾಕು. ಪೆಟ್ಟಿಗೆಯ ಮೇಲೆ ಬರೆದ ಲೆಕ್ಕ ನೀರನ್ನು ಎತ್ತರಕ್ಕೇರಿಸದೆ ಅಳೆದದ್ದು. ಏರಿಸುವಷ್ಟೂ ಅದು ಕುಗ್ಗುವುದೆಂಬುದನ್ನು ಮರೆಯಬಾರದು. ಪಂಪು ನಿಂತಾಗ ಇಳಿದು ಬರುವ ನೀರಿಗೆ ಡ್ರಮ್ಮಿನಲ್ಲಿ ಜಾಗವಿರಲಿ. ಮೇಲೇರುವ ಕೊಳವೆಗೆ ತೊಟ್ಟಿಯ ನೀರಿನ ಮಟ್ಟದ ತುಸು ಕೆಳಗೆ ಸಣ್ಣ ತೂತಿರಲಿ. ಇಲ್ಲವಾದರೆ ನೀರು ಹಿಮ್ಮುಖವಾಗಿ ಹರಿದು ಜಗಲಿಯೇ ಕೆರೆಯಾದೀತು. ಬಾಯಿ ತೆರೆದಿರುವುದರಿಂದ ಕರೆಂಟು ಹೋದಾಗ ಬ್ಯಾಟರಿಯ ಗಾಳಿಪಂಪಿನ ಒಂದು ನಳಿಗೆಯನ್ನು ಡ್ರಮ್ಮಿಗೂ, ಇನ್ನೊಂದನ್ನು ತೊಟ್ಟಿಗೂ ಇಳಿಸಬಹುದು. ಬೇರೆ ಅಲಂಕಾರಗಳಿಗಿಂತ ಮೊದಲು ಈ ಗಾಳಿಪಂಪನ್ನು ಕೊಳ್ಳಬೇಕು.

ಮುಚ್ಚಿದ ಫಿಲ್ಟರೇ ಬೇಡವೆಂದು ನಮ್ಮ ಹಟವಿಲ್ಲ. ಕರೆಂಟು ತಪ್ಪದ ಪೇಟೆಮನೆಗೆ ಅದು ಒಪ್ಪುತ್ತದೆ. ಹಳ್ಳಿಯಲ್ಲಿ ಅದನ್ನಿಟ್ಟವರು, ಬಹಳ ಹೊತ್ತು ನಿಂತುಹೋಗಿದ್ದರೆ ಒಳಗಿನ ನೀರನ್ನು ಚೆಲ್ಲಿಯೇ ಪುನಃ ನಡೆಯಿಸಬೇಕು.

ಯಾವ ಫಿಲ್ಟರೂ ನಂಬಿಕೆಯಿಂದ ತಡೆಯಲಾರದ ಒಂದು ಅಪಾಯವು ನಮ್ಮ ತೋಟದಲ್ಲೇ ಇದೆ. ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣದ ಮೈಲುತುತ್ತು ಮೀನಿಗೆ ಮಾರಕ. ಮೃದುವಾದ ನೀರಿನಲ್ಲಂತೂ ಹೆಚ್ಚು. ಮದ್ದು ಬಿಡುವ ದಿನ ತೊಟ್ಟಿಯನ್ನೂ ಡ್ರಮ್ಮನ್ನೂ ಮುಚ್ಚಿರಿ. ಬಳಿಕದ ಮಳೆಗೆ ಮಾಡಿನಿಂದಿಳಿವ ನೀರನ್ನು ತುಂಬಬೇಡಿರಿ. ಮದ್ದಿನ ಕೊಡಪಾನ ತೊಟ್ಟಿಯ ಬಳಿ ಸುಳಿಯಬಾರದು.

ಕೊನೆಯದಾಗಿ ತಾಳ್ಮೆ. ಫಿಲ್ಟರಿನಲ್ಲಿ ಬ್ಯಾಕ್ಟೀರಿಯ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯ ತನಕ ನಾಲ್ಕೈದು ಮೀನು, ಚಿಟಿಕೆ ತಿಂಡಿ, ಆಗಾಗ ನೀರಿನ ಬದಲಾವಣೆ ಸಾಕು. ಸ್ಪಂಜನ್ನು ತೊಟ್ಟಿಯದೇ ನೀರಿನಲ್ಲಿ ಹಿಂಡಿರಿ; ಸಾಬೂನು ಮುಟ್ಟಿಸಬೇಡಿರಿ. ಬಲೆಯನ್ನೂ ಸ್ಪಂಜನ್ನೂ ಒಂದೇ ದಿನ ತೊಳೆಯಲೂ ಬೇಡಿರಿ. ವಾರಕ್ಕೊಮ್ಮೆ ನಾಲ್ಕನೆಯ ಒಂದು ಪಾಲು ನೀರು ತೆಗೆದು ಬಾಳೆಯ ಬುಡಕ್ಕೆ ಹೊಯ್ದರೆ ಅದರ ನೈಟ್ರೇಟೂ ವ್ಯರ್ಥವಾಗದು.

ಸಾಲ ಮಾಡಿ ಮೀನು ತರುವ ಯುವಕರು ಮೊದಲು ಡ್ರಮ್ಮನ್ನು ಕಟ್ಟಲಿ, ಆರು ವಾರ ಕಾಯಲಿ. ಮೀನು ಕೊಳ್ಳುವುದು ಆಮೇಲಿನ ಮಾತು.