ಅಮ್ಮನ ಉಸಿರು ಮತ್ತು ಒಂದು ಡೀಫಾಲ್ಟ್ ವ್ಯಾಲ್ಯೂ

ಹೋದ ದೀಪಾವಳಿಗೆ ಊರಿಗೆ ಹೋದಾಗ ಅಮ್ಮನಿಗೆ ಅಂತ ಒಂದು ಪುಟ್ಟ ಯಂತ್ರ ತಗೊಂಡು ಹೋಗಿದ್ದೆ. ಅಂಗೈಯಲ್ಲಿ ಹಿಡಿಸುವಂಥ ಸ್ಪೈರೋಮೀಟರ್. ಜೋರಾಗಿ ಊದಿದರೆ ಬ್ಲೂಟೂತ್ ಮೂಲಕ ಮೊಬೈಲಿಗೆ ಅಂಕಿ ಬರುತ್ತೆ, ಜೊತೆಗೆ ಹಸಿರು, ಹಳದಿ ಇಲ್ಲವೇ ಕೆಂಪು ಬಣ್ಣ. ಅಮ್ಮನಿಗೆ ಬಹಳ ವರ್ಷದಿಂದ ಉಬ್ಬಸ. ಮೂರು ಸಲ ಊದಿಸಿದ್ದಕ್ಕೆ, "ಇಷ್ಟು ಒಲೆ ಊದಿದ್ರೆ ಕಾಫಿಗೆ ನೀರಾದ್ರೂ ಕಾಯ್ತಿತ್ತಲ್ಲ ಮಾರಾಯ" ಅಂದಳು :-)

ಹಸಿರು ಬಂತು. ವಾರಗಟ್ಟಲೆ ಹಸಿರೇ ಬಂತು. ನಾನು ಬೆಂಗಳೂರಿನಲ್ಲಿ ಕೂತು ಖುಷಿಪಡುತ್ತಿದ್ದೆ. ಅಮ್ಮ "ಹಸಿರೇ ಬರ್ತಿದೆಯಲ್ಲ" ಅಂದುಕೊಂಡು ದಿನಾ ಎರಡು ಹೊತ್ತು ಎಳೆಯಬೇಕಿದ್ದ ಇನ್‌ಹೇಲರನ್ನು ಯಾರಿಗೂ ಹೇಳದೆ ನಿಲ್ಲಿಸಿಬಿಟ್ಟಿದ್ದಳು. ಜನವರಿಯ ಒಂದು ರಾತ್ರಿ ಎರಡು ಗಂಟೆಗೆ ಅಪ್ಪನ ಫೋನು. ಅಮ್ಮನಿಗೆ ಮಾತಾಡೋಕೂ ಉಸಿರು ಸಾಲುತ್ತಿರಲಿಲ್ಲ. ಪಕ್ಕದ ಮನೆಯವರ ಜೀಪಿನಲ್ಲಿ ಆಸ್ಪತ್ರೆ, ನೆಬ್ಯುಲೈಸರ್, ಮೂರು ದಿನ ಅಡ್ಮಿಟ್. ಈಗ ಆರಾಮಿದ್ದಾಳೆ.

ಸೆನ್ಸರ್ ಕೆಟ್ಟಿರಬೇಕು ಅಂತ ನನ್ನ ಮೊದಲ ಅನುಮಾನ. ಆಮೇಲೆ ಡಾಕ್ಟರ ಹತ್ತಿರ ಇರುವ ದೊಡ್ಡ ಯಂತ್ರದಲ್ಲೂ ಇದರಲ್ಲೂ ಒಂದೇ ದಿನ ಊದಿಸಿ ನೋಡಿದೆವು. ಹೆಚ್ಚುಕಡಿಮೆ ಒಂದೇ ಅಂಕಿ! ತಪ್ಪು ಸಿಕ್ಕಿದ್ದು ಆ್ಯಪ್‌ನ ಪ್ರೊಫೈಲ್ ಪುಟದಲ್ಲಿ. ಅವಸರದಲ್ಲಿ ನಾನು ಎತ್ತರ ತುಂಬದೇ ಮುಂದೆ ಹೋಗಿದ್ದೆ. ಆ್ಯಪ್ ಕೇಳಲೂ ಇಲ್ಲ, ತಾನೇ 145 ಸೆಂ.ಮೀ. ಅಂತ ಹಾಕಿಕೊಂಡಿತ್ತು. ಅಮ್ಮನ ಎತ್ತರ 158. ಸರಿ ಮಾಡಿದ ಕೂಡಲೇ ಹಿಂದಿನ ಹಸಿರುಗಳೆಲ್ಲ ಸಾಲಾಗಿ ಹಳದಿಯಾದವು. ನೋಡುತ್ತಾ ಕೂತಿದ್ದೆ, ಹೊಟ್ಟೆಯಲ್ಲಿ ಸಂಕಟವಾಯಿತು. ಇಂಥ ಡೀಫಾಲ್ಟ್ ವ್ಯಾಲ್ಯೂಗಳನ್ನು ನಾನೇ ಆಫೀಸಿನಲ್ಲಿ ಎಷ್ಟು ಸಲ ಬರೆದಿಲ್ಲ?

ಇದು ಹೇಗಾಯಿತು ಅಂದರೆ, ಯಂತ್ರ ಅಳೆಯುವುದು ಮುಖ್ಯವಾಗಿ ಎಫ್‌ಇವಿ1, ಅಂದರೆ ಊದಿದ ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿ ಎಷ್ಟು ಲೀಟರ್ ಎನ್ನುವುದು. ಅದನ್ನು ಅದೇ ವಯಸ್ಸು, ಲಿಂಗ, ಎತ್ತರದ ಆರೋಗ್ಯವಂತರಲ್ಲಿ ಎಷ್ಟಿರಬೇಕೋ ಅದಕ್ಕೆ ಭಾಗಿಸಿ ಶೇಕಡಾವಾರು ತೋರಿಸುತ್ತೆ. ಕುಳ್ಳಗಿರುವವರ ಶ್ವಾಸಕೋಶ ಚಿಕ್ಕದು. ಎತ್ತರ ಕಡಿಮೆ ಕೊಟ್ಟರೆ ಛೇದ ಚಿಕ್ಕದಾಗುತ್ತೆ, ಶೇಕಡಾವಾರು ಮೇಲೇರುತ್ತೆ. ಅಳತೆ ಸರಿ, ಹೋಲಿಕೆ ತಪ್ಪು.

ಇಂಥ ಯಂತ್ರಗಳ ಬಗ್ಗೆ ನಾವೆಲ್ಲ ಕೇಳುವ ಪ್ರಶ್ನೆ ಒಂದೇ, "ಆಕ್ಯುರಸಿ ಎಷ್ಟು?" ಅದಕ್ಕೆ ಉತ್ತರ ಕೊಡುವುದು ಸುಲಭ. ಮೂರು ಲೀಟರಿನ ಸಿರಿಂಜಿನಿಂದ ಗಾಳಿ ನೂಕಿ ನೋಡುತ್ತಾರೆ. ಅಮೆರಿಕ ಮತ್ತು ಯುರೋಪಿನ ಶ್ವಾಸಕೋಶ ತಜ್ಞರ ಸಂಘಗಳು 2019ರಲ್ಲಿ ಕೊಟ್ಟ ಮಾನದಂಡದ ಪ್ರಕಾರ ವ್ಯತ್ಯಾಸ ಶೇ. 3ರ ಒಳಗಿರಬೇಕು, ಅಂದರೆ 2.91ರಿಂದ 3.09 ಲೀಟರ್. ಆದರೆ ಸಿರಿಂಜು ಕೆಮ್ಮುವುದಿಲ್ಲ, ಅರ್ಧ ಉಸಿರೆಳೆದು ಊದುವುದಿಲ್ಲ, ಅದರ ತುಟಿಯ ಸಂದಿಯಿಂದ ಗಾಳಿ ಸೋರುವುದಿಲ್ಲ. ಲ್ಯಾಬಿನಲ್ಲಿ "ಇನ್ನೂ ಊದಿ, ಇನ್ನೂ, ಇನ್ನೂ" ಅಂತ ಹುರಿದುಂಬಿಸುವ ಟೆಕ್ನಿಷಿಯನ್ ಇರುತ್ತಾರೆ. ನಮ್ಮ ಮನೆಯ ಜಗಲಿಯಲ್ಲಿ ಯಾರಿದ್ದಾರೆ? ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಯುನಿಟ್ ಟೆಸ್ಟ್ ಪಾಸಾಗಿದೆ, ಬಳಸುವವರ ಕೈಗೆ ಕೊಟ್ಟು ಯಾರೂ ನೋಡಿಲ್ಲ.

ಹಾಗಾಗಿ ನಾನು ಇನ್ನು ಮುಂದೆ ಕೇಳುವ ಪ್ರಶ್ನೆಗಳೇ ಬೇರೆ. ಬರೀ ಅಂಕಿ ತೋರಿಸುತ್ತೋ ಅಥವಾ ಊದಿದ ರೇಖೆಯನ್ನೂ ತೋರಿಸುತ್ತೋ? ರೇಖೆ ನೋಡಿದರೆ ಕೆಮ್ಮಿದ್ದು, ಮಧ್ಯೆ ನಿಲ್ಲಿಸಿದ್ದು ಡಾಕ್ಟರಿಗೆ ಗೊತ್ತಾಗುತ್ತೆ. ಸರಿಯಾದ ಮೂರು ಊದು ಸಿಗುವ ತನಕ ಬಿಡದೆ, ಅತ್ಯುತ್ತಮ ಎರಡರ ನಡುವೆ 150 ಮಿ.ಲೀ.ಗಿಂತ ಹೆಚ್ಚು ಅಂತರ ಇದ್ದರೆ "ಮತ್ತೊಮ್ಮೆ" ಅನ್ನುತ್ತೋ? ವಯಸ್ಸು, ಎತ್ತರ ತುಂಬದೆ ಮುಂದೆ ಹೋಗಲು ಬಿಡುತ್ತೋ? ಯಾವ ಸಮೀಕರಣದ ಜೊತೆ ಹೋಲಿಸುತ್ತಿದೆ ಅಂತ ಎಲ್ಲಾದರೂ ಹೇಳುತ್ತೋ? ಕೊನೆಯದು ನಮಗೆ ಬಹಳ ಮುಖ್ಯ. ಜಗತ್ತಿನ ತುಂಬ ಬಳಕೆಯಲ್ಲಿರುವ 2012ರ ಜಿಎಲ್‌ಐ ಸಮೀಕರಣಗಳಲ್ಲಿ ಭಾರತ ಉಪಖಂಡದವರಿಗೆ ಅಂತ ಪ್ರತ್ಯೇಕ ಗುಂಪೇ ಇರಲಿಲ್ಲ. 2022ರಲ್ಲಿ ಜನಾಂಗವನ್ನೇ ಲೆಕ್ಕಕ್ಕೆ ತಗೊಳ್ಳದ ಹೊಸ ಸಮೀಕರಣ ಬಂತು. ಒಂದೇ ಉಸಿರು, ಸಮೀಕರಣ ಬದಲಾದರೆ ಶೇಕಡಾವಾರೂ ಬದಲು!

ಹಾಗಂತ ಇಂಥ ಯಂತ್ರಗಳೇ ಬೇಡ ಅಂತ ನಾನು ಹೇಳುತ್ತಿಲ್ಲ. ಸ್ಪೈರೋಮೀಟರ್ ಇಲ್ಲದ ಊರುಗಳಲ್ಲಿ ಉಬ್ಬಸವನ್ನೂ ಹೊಗೆಯಿಂದ ಬಂದ ಸಿಒಪಿಡಿಯನ್ನೂ ಬೇರೆ ಮಾಡಿ ಹೇಳಲು ಕೈಯಲ್ಲಿ ಹಿಡಿಯುವ ಯಂತ್ರವೇ ಗತಿ, ಊದಿಸಲು ತರಬೇತಾದ ಒಬ್ಬ ನರ್ಸ್ ಜೊತೆಗಿದ್ದರೆ. 2021ರಲ್ಲಿ ಎಲ್ಲರೂ ಕೊಂಡ ಆಕ್ಸಿಮೀಟರ್ ಈ ಕೆಲಸ ಮಾಡುವುದಿಲ್ಲ. ಶ್ವಾಸನಾಳ ಬಿಗಿಯುತ್ತಿರುವಾಗಲೂ ಅದು 97 ಅಂತ ತೋರಿಸುತ್ತಾ ಕೂರಬಹುದು.

ಅಮ್ಮನ ಕೈಯಲ್ಲಿ ಈಗಿರುವುದು ಪ್ಲಾಸ್ಟಿಕ್ಕಿನ ಪೀಕ್ ಫ್ಲೋ ಮೀಟರ್. ಬ್ಯಾಟರಿ ಇಲ್ಲ, ಬ್ಲೂಟೂತ್ ಇಲ್ಲ, ಒಂದು ಮುಳ್ಳು ಅಷ್ಟೇ. ಹೊಸದಾಗಿ ರೋಗ ಪತ್ತೆ ಮಾಡೋಕೆ ಅದು ಸ್ಪೈರೋಮೀಟರಿನಷ್ಟು ನಂಬಿಕಸ್ಥ ಅಲ್ಲ, ಗೊತ್ತು. ಆದರೆ ಹೋಲಿಕೆ ಅವಳ ಜೊತೆಗೇ. ಆರಾಮಿದ್ದಾಗ ಅವಳು ಊದಿದ ಅತ್ಯುತ್ತಮ ಅಂಕಿಯ ಶೇ. 80ರ ಮೇಲಿದ್ದರೆ ಹಸಿರು, 50ರ ಕೆಳಗೆ ಕೆಂಪು. ಡಾಕ್ಟರು ಹೇಳಿದ ಗುರುತುಗಳನ್ನು ಅಪ್ಪ ಮಾರ್ಕರ್ ಪೆನ್ನಿನಲ್ಲಿ ಮೀಟರಿನ ಮೇಲೇ ಹಾಕಿಕೊಟ್ಟಿದ್ದಾರೆ. ಅದರ ಕೆಳಗೆ ದೊಡ್ಡದಾಗಿ ಒಂದು ಸಾಲು: "ಹಸಿರು ಬಂದರೂ ಇನ್‌ಹೇಲರ್ ಬಿಡಬಾರದು."

ಲಕ್ಷಗಟ್ಟಲೆ ಸಂಬಳ ತಗೊಂಡು ಆ್ಯಪ್ ಬರೆದ ನಮ್ಮಂಥ ಯಾರಿಗೂ ಆ ಸಾಲು ಹೊಳೆದಿರಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಯಂತ್ರ ಇದ್ದರೆ ಒಮ್ಮೆ ಪ್ರೊಫೈಲ್ ಪುಟ ತೆಗೆದು ಎತ್ತರ ಎಷ್ಟಿದೆ ನೋಡಿ. ನೋಡಿ ಇಲ್ಲೂ ಒಂದು ಮಾತು ಬರೆಯಿರಿ.