ಸಂಗೀತದ ಮೇಷ್ಟರು ಸೋತ ಕಲಾವಿದರೇ?

ಶಾಲೆಗಳಲ್ಲಿ ಸಂಗೀತ ಹೇಳಿಕೊಡುವವರ ವಿಷಯವಾಗಿ ನಮ್ಮ ವಿದ್ಯಾವಂತರಲ್ಲಿ ಒಂದು ನಂಬಿಕೆ ಬಲವಾಗಿ ಬೇರೂರಿದೆ. ಸಭೆಯಲ್ಲಿ ಗೆಲ್ಲಬಲ್ಲವನು ಕಚೇರಿ ಮಾಡುತ್ತಾನೆ, ಗೆಲ್ಲಲಾರದವನು ಹೊಟ್ಟೆಪಾಡಿಗಾಗಿ ಶಾಲೆಯ ಬಾಗಿಲು ತಟ್ಟುತ್ತಾನೆ ಎಂಬುದೇ ಆ ನಂಬಿಕೆ. ಇದನ್ನು ಯಾರೂ ಪರೀಕ್ಷೆ ಮಾಡಿ ನೋಡಿದವರಲ್ಲ. ಆದರೂ ಸಂಗೀತದ ಮೇಷ್ಟರಿಗೆ ಸಲ್ಲುವ ಸಂಬಳ, ಸಮಯ, ಮರ್ಯಾದೆ ಮೂರನ್ನೂ ಇದೇ ತೂಗಿ ಕೊಡುತ್ತಿದೆ.

ನಾನು ಕಾಲೇಜಿನಲ್ಲಿ ಕನ್ನಡ ಹೇಳುವವನು. ಸಂಗೀತದಲ್ಲಿ ನನ್ನದೇನಿದ್ದರೂ ಕೇಳುಗನ ಅಧಿಕಾರ. ಆದರೆ ಮೇಷ್ಟರ ಕೆಲಸದ ಬೆಲೆಯೇನೆಂಬ ಪ್ರಶ್ನೆ ಬಂದಾಗ ಮಾತನಾಡುವ ಹಕ್ಕು ನನಗೂ ಉಂಟು. ಕೆಲವು ವರ್ಷಗಳ ಹಿಂದೆ ಒಂದು ಶಾಲೆಯ ಸಲಹಾ ಸಮಿತಿಯಲ್ಲಿ ನಾನು ಕುಳಿತಿದ್ದೆ. ಸಂಗೀತದ ಎರಡು ಪೀರಿಯಡ್ಡುಗಳನ್ನು ಗಣಿತಕ್ಕೆ ಕೊಟ್ಟು, ಸಂಗೀತದ ಮೇಷ್ಟರನ್ನು ಗಂಟೆಯ ಲೆಕ್ಕದಲ್ಲಿ ಇಟ್ಟುಕೊಳ್ಳಬಹುದೆಂಬ ಸೂಚನೆ ಬಂತು. ಆ ಮೇಷ್ಟರು ಪಿಟೀಲಿನಲ್ಲಿ ವಿದ್ವತ್ ಪರೀಕ್ಷೆ ಮುಗಿಸಿದವರು. ಮಕ್ಕಳ ಒಂದು ಚಿಕ್ಕ ವಾದ್ಯವೃಂದವನ್ನು ಕಟ್ಟಿದ್ದರು. ನಾನು ಆಕ್ಷೇಪಿಸಿದಾಗ ಸದಸ್ಯರೊಬ್ಬರು ನಕ್ಕು, “ಅಂಥ ವಿದ್ವಾಂಸರಾಗಿದ್ದರೆ ಇಲ್ಲಿಗೇಕೆ ಬರುತ್ತಿದ್ದರು, ಸ್ವಾಮಿ?” ಎಂದರು. ಸೂಚನೆ ಅಂಗೀಕೃತವಾಯಿತು.

ಈ ಪ್ರಶ್ನೆಗೆ ತರ್ಕದ ಉತ್ತರಕ್ಕಿಂತ ಒಬ್ಬ ಮೇಷ್ಟರ ಬಾಳೇ ಒಳ್ಳೆಯ ಉತ್ತರ. ಇಂಗ್ಲೆಂಡಿನ ಗುಸ್ಟಾವ್ ಹೋಲ್ಸ್ಟನ ಹೆಸರು ನಮ್ಮಲ್ಲಿ ಕೆಲವರಿಗಾದರೂ ಗೊತ್ತು. ಸಂಸ್ಕೃತ ಕಲಿತು ಋಗ್ವೇದದ ಸೂಕ್ತಗಳನ್ನು ತಾನೇ ಇಂಗ್ಲಿಷಿಗೆ ತಂದು ವೃಂದಗಾನಕ್ಕೆ ಅಳವಡಿಸಿದವನು. ಮಹಾಭಾರತದ ಸಾವಿತ್ರಿಯ ಕಥೆಯನ್ನು 1908ರಲ್ಲಿ ಪುಟ್ಟ ಗೀತನಾಟಕವಾಗಿ ಮಾಡಿದವನು. ಬೇಂದ್ರೆಯವರು ಕನ್ನಡಕ್ಕೆ ತಂದ ಮೇಘದೂತಕ್ಕೆ ಅವರಿಗಿಂತ ಮೊದಲೇ ಲಂಡನ್ನಿನಲ್ಲಿ ಸ್ವರ ಕೂಡಿಸಿದವನು. ಇದನ್ನೆಲ್ಲ ಹೇಳಿಕೊಂಡು ನಾವು ಹೆಮ್ಮೆಪಡುತ್ತೇವೆ. ಆದರೆ ಅವನು ತನ್ನ ಬದುಕಿನ ಬಹುಭಾಗವನ್ನು ಹುಡುಗಿಯರ ಶಾಲೆಯೊಂದರಲ್ಲಿ ಸಂಗೀತದ ಮೇಷ್ಟರಾಗಿ ಕಳೆದನೆಂಬುದನ್ನು ಮಾತ್ರ ಮರೆಯುತ್ತೇವೆ.

ಹೋಲ್ಸ್ಟ್ 1874ರಲ್ಲಿ ಚೆಲ್ಟೆನ್‌ಹ್ಯಾಮ್ ಎಂಬ ಊರಿನಲ್ಲಿ ಹುಟ್ಟಿದನು. ಮುತ್ತಜ್ಜ ರಷ್ಯದ ಅರಮನೆಯಲ್ಲಿ ಹಾರ್ಪ್ ವಾದ್ಯ ಕಲಿಸುತ್ತಿದ್ದವನು. ಅಜ್ಜನೂ ಅದನ್ನೇ ಕಲಿಸಿ ಬಾಳಿದವನು. ತಂದೆ ಇಗರ್ಜಿಯಲ್ಲಿ ಆರ್ಗನ್ ನುಡಿಸುತ್ತ ಪಾಠ ಹೇಳುತ್ತಿದ್ದವನು. ಮಗನನ್ನು ಪಿಯಾನೋ ವಾದಕನನ್ನಾಗಿ ಮಾಡಬೇಕೆಂಬುದು ತಂದೆಯ ಆಸೆ. ಬಲಗೈಯ ನರದ ಬೇನೆ ಆ ಆಸೆಯನ್ನು ಮುರಿಯಿತು. ಹುಡುಗನಿಗೆ ಉಬ್ಬಸವೂ ಇತ್ತು. ಊದುವುದರಿಂದ ಎದೆ ಗಟ್ಟಿಯಾದೀತೆಂದು ತಂದೆ ಟ್ರಾಂಬೋನ್ ಎಂಬ ಹಿತ್ತಾಳೆಯ ವಾದ್ಯವನ್ನು ಕೈಗಿತ್ತನು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಓದಿ, 1898ರಲ್ಲಿ ಹೊರಬಿದ್ದ ಮೇಲೆ, ಅದನ್ನೇ ಊದಿ ಅನ್ನ ಸಂಪಾದಿಸಿದನು. ಒಂದು ಸಂಚಾರಿ ಗೀತನಾಟಕ ಮಂಡಲಿ, ಸ್ಕಾಟ್ಲೆಂಡಿನ ವಾದ್ಯವೃಂದ, ರಜೆಯ ದಿನಗಳಲ್ಲಿ ಕಡಲತೀರದ ಊರುಗಳಲ್ಲಿ ವಿಯೆನ್ನಾದವರಂತೆ ವೇಷ ತೊಟ್ಟು ಜನರನ್ನು ರಂಜಿಸುವ ತಂಡ, ಹೀಗೆ ಸಿಕ್ಕಿದಲ್ಲೆಲ್ಲ ದುಡಿದನು.

1903ರಲ್ಲಿ ಅವನು ಈ ದುಡಿಮೆಯನ್ನು ಬಿಟ್ಟು ಸ್ವರರಚನೆಗೆ ನಿಂತನು. ಅದರಿಂದ ಒಲೆ ಉರಿಯಲಿಲ್ಲ; ಪಾಠ ಹೇಳಲು ತೊಡಗಿದನು. 1905ರಲ್ಲಿ ಹ್ಯಾಮರ್‌ಸ್ಮಿತ್‌ನಲ್ಲಿದ್ದ ಸೇಂಟ್ ಪಾಲ್ಸ್ ಹುಡುಗಿಯರ ಶಾಲೆಗೆ ಸೇರಿದವನು 1934ರಲ್ಲಿ ಸಾಯುವವರೆಗೂ ಆ ಶಾಲೆಯನ್ನು ಬಿಡಲಿಲ್ಲ. 1907ರಿಂದ ದುಡಿಯುವ ಜನರ ಮಾರ್ಲಿ ಕಾಲೇಜಿನಲ್ಲೂ ಸಂಗೀತದ ಹೊಣೆ ಹೊತ್ತನು. ನಮ್ಮ ಸಮಿತಿಯ ಸದಸ್ಯರ ಲೆಕ್ಕದಲ್ಲಿ ಇದು ಸೋಲು. ಆದರೆ ಅವನು ಮಾಡಿದ್ದೇನೆಂದು ನೋಡಿ. ಹುಡುಗಿಯರಿಗೆ ಸಾಕೆಂದು ಆಗ ಕಲಿಸುತ್ತಿದ್ದ ಕಣ್ಣೀರಿನ ಹಾಡುಗಳನ್ನು ಗುಡಿಸಿ ಹೊರಗೆ ಹಾಕಿ, ಬಾಖ್, ವಿಕ್ಟೋರಿಯಾರಂಥ ಆಚಾರ್ಯರ ಸಂಗೀತವನ್ನು ತಂದನು. ಎರಡು ಶತಮಾನ ಮೂಲೆಯಲ್ಲಿ ಬಿದ್ದಿದ್ದ ಪರ್ಸೆಲ್‌ನ ‘ಫೇರಿ ಕ್ವೀನ್’ ಕೃತಿಯನ್ನು 1911ರಲ್ಲಿ ಮಾರ್ಲಿಯ ವಿದ್ಯಾರ್ಥಿಗಳಿಂದ ಹಾಡಿಸಿ ನುಡಿಸಿದನು. ಹಗಲೆಲ್ಲ ದುಡಿದು ಸಂಜೆ ಬರುವ ಆ ಜನ, ಅಚ್ಚಿನ ಪ್ರತಿಗಳಿಲ್ಲದ್ದರಿಂದ, ವಾದ್ಯಗಳ ಪಾಠವನ್ನೆಲ್ಲ ಕೈಯಲ್ಲೇ ನಕಲು ಮಾಡಿಕೊಂಡರು. ಮಕ್ಕಳಿಗೆ ಸುಲಭವಾದದ್ದು ಸಾಕು, ಬಡವರಿಗೆ ಅಗ್ಗವಾದದ್ದು ಸಾಕು ಎಂದು ಅವನು ಎಂದೂ ತಿಳಿಯಲಿಲ್ಲ.

ಶಾಲೆಯೂ ತನ್ನ ಕರ್ತವ್ಯ ಮಾಡಿತು. 1913ರಲ್ಲಿ ಸಂಗೀತಕ್ಕೆಂದು ಹೊಸ ಕಟ್ಟಡದ ಭಾಗವನ್ನು ಕಟ್ಟಿಸಿ, ಹೊರಗಿನ ಸದ್ದು ಒಳಬಾರದ ಕೋಣೆಯೊಂದನ್ನು ಅವನಿಗೆ ಕೊಟ್ಟಿತು. ಶಾಲೆಗೆ ಅವನು ಸಲ್ಲಿಸಿದ ಕೃತಜ್ಞತೆಯೇ ‘ಸೇಂಟ್ ಪಾಲ್ಸ್ ಸ್ವೀಟ್’, ಶಾಲೆಯ ತಂತಿವಾದ್ಯಗಳ ವೃಂದಕ್ಕಾಗಿ ಬರೆದ ನಾಲ್ಕು ಭಾಗಗಳ ಕೃತಿ. ಎರಡನೆಯ ಭಾಗದಲ್ಲಿ ಎರಡನೆಯ ಸಾಲಿನ ಪಿಟೀಲುಗಳು ಒಂದು ಚಿಕ್ಕ ಸ್ವರಗುಚ್ಛವನ್ನು ಬಿಡದೆ ಮತ್ತೆ ಮತ್ತೆ ನುಡಿಸುತ್ತವೆ. ಅದರ ಮೇಲೆ ಉಳಿದ ರಾಗ ತೇಲುತ್ತದೆ. ಹಿಂದಿನ ಸಾಲಿನ ಹುಡುಗಿ ನುಡಿಸುವುದು ಕೆಲವೇ ಸ್ವರಗಳನ್ನು, ಆದರೆ ಅವಳು ನಿಂತರೆ ಕಟ್ಟಡವೇ ಕುಸಿಯುತ್ತದೆ. ಕೊನೆಯ ಭಾಗದಲ್ಲಿ ಎರಡು ಹಳೆಯ ಜನಪದ ಧಾಟಿಗಳು, ಒಂದು ಕುಣಿಯುತ್ತ ಇನ್ನೊಂದು ನಿಧಾನವಾಗಿ, ಒಟ್ಟಿಗೆ ಸಾಗುತ್ತವೆ. ಶಾಲೆಯಲ್ಲಿ ಊದುವ ವಾದ್ಯದವರೂ ಇದ್ದರು. ಅವರು ಸುಮ್ಮನೆ ಕೂರಬಾರದೆಂದು ಅವರಿಗೂ ಪಾಠ ಬರೆದನು. ಮಕ್ಕಳ ಕೈ ಎಷ್ಟು ಬಲ್ಲುದು, ಎಷ್ಟು ಬಲ್ಲದು ಎಂದು ದಿನವೂ ಕಂಡವನು ಮಾತ್ರ ಹೀಗೆ ಬರೆಯಬಲ್ಲ. ಇದು ಕಚೇರಿಯ ವಿದ್ಯೆಗಿಂತ ಕಡಮೆಯದಲ್ಲ, ಬೇರೆಯದು.

ಅವನಿಗೆ ಲೋಕದ ಕೀರ್ತಿ ತಂದ ‘ದಿ ಪ್ಲಾನೆಟ್ಸ್’ ಕೂಡ ಹುಟ್ಟಿದ್ದು ಶಾಲೆಯ ಆ ಕೋಣೆಯಲ್ಲೇ. 1914ರಿಂದ 1916ರವರೆಗೆ ವಾರದ ಕೊನೆಗಳಲ್ಲೂ ರಜೆಗಳಲ್ಲೂ ಬರೆದ ಕೃತಿ ಅದು. ಕೈ ಸಹಕರಿಸದಾಗ ಶಾಲೆಯ ಇಬ್ಬರು ಸಹೋದ್ಯೋಗಿಗಳು, ವ್ಯಾಲಿ ಲ್ಯಾಸ್ಕರ್ ಮತ್ತು ನೋರಾ ಡೇ, ಅವನು ಹೇಳಿದಂತೆ ಬರೆದುಕೊಟ್ಟರು. 1918ರ ಸೆಪ್ಟೆಂಬರಿನಲ್ಲಿ ಏಡ್ರಿಯನ್ ಬೋಲ್ಟ್ ಅದನ್ನು ಮೊದಲ ಬಾರಿಗೆ ನಿರ್ದೇಶಿಸಿದಾಗ, ಕೊನೆಯಲ್ಲಿ ಮರೆಯಿಂದ ಕೇಳಿಬರುವ ಮಾತಿಲ್ಲದ ಹಾಡನ್ನು ಹಾಡಿದವರು ಅವನ ವಿದ್ಯಾರ್ಥಿನಿಯರೇ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು: ಪಾಠದ ಹೊರೆ ಇಲ್ಲದಿದ್ದರೆ ಅವನು ಇನ್ನೂ ಹೆಚ್ಚು ಬರೆಯುತ್ತಿದ್ದನಲ್ಲವೇ? ನಿಜ, ಬರೆಯುತ್ತಿದ್ದನು. ಹಲವು ಕಡೆ ಕಲಿಸಿ ಅವನು ದಣಿದನು. 1924ರ ಹೊತ್ತಿಗೆ ವೈದ್ಯರ ಮಾತಿಗೆ ಕಟ್ಟುಬಿದ್ದು ಹೆಚ್ಚಿನ ಕೆಲಸಗಳನ್ನು ಬಿಟ್ಟನು. ಬಡತನ ಕಲೆಗೆ ಗೊಬ್ಬರವೆಂಬ ಸೋಗಿನ ಮಾತನ್ನು ನಾನು ಆಡುವುದಿಲ್ಲ. ಆದರೆ ಗಮನಿಸಿ: ಎಲ್ಲವನ್ನೂ ಬಿಟ್ಟಾಗಲೂ ಸೇಂಟ್ ಪಾಲ್ಸ್ ಶಾಲೆಯನ್ನು ಉಳಿಸಿಕೊಂಡನು. ಕೀರ್ತಿ ಬಂದ ಮೇಲೂ, 1933ರಲ್ಲಿ ಆರೋಗ್ಯ ಕೆಟ್ಟಿದ್ದಾಗಲೂ, ಶಾಲೆಯ ಕಿರಿಯರ ವಾದ್ಯವೃಂದಕ್ಕೆಂದು ‘ಬ್ರೂಕ್ ಗ್ರೀನ್ ಸ್ವೀಟ್’ ಬರೆದನು. ಸೋತವನ ಆಶ್ರಯವಾಗಿದ್ದರೆ ಗೆದ್ದೊಡನೆ ಅವನೇಕೆ ಅಲ್ಲಿಂದ ಹೊರಡಲಿಲ್ಲ?

ಇನ್ನೊಂದು ಆಕ್ಷೇಪಣೆ ನಮ್ಮ ಪಂಡಿತರದು: ನಮ್ಮದು ಮನೋಧರ್ಮದ ಸಂಗೀತ, ಒಬ್ಬನ ಸಂಗೀತ, ವಾದ್ಯವೃಂದ ನಮ್ಮ ಜಾಯಮಾನಕ್ಕೆ ಒಗ್ಗದು. ಹಾಗಾದರೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯತಂಡದ ಜೊತೆಗೆ ಕರ್ಣಾಟಕ ವಾದ್ಯತಂಡವೂ ಇದ್ದದ್ದು, ವೀಣೆಯ ವೆಂಕಟಗಿರಿಯಪ್ಪನವರು ನಗ್ಮಾಗಳನ್ನು ರಚಿಸಿದ್ದು ಏತಕ್ಕೆ? 1952ರಲ್ಲಿ ಆಕಾಶವಾಣಿಯ ವಾದ್ಯವೃಂದವನ್ನು ರವಿಶಂಕರರು ನಡೆಸಿದ್ದು ಏತಕ್ಕೆ? ದೊಡ್ಡವರಿಗೆ ಒಗ್ಗಿದ್ದು ಮಕ್ಕಳಿಗೆ ಒಗ್ಗದೇ? ಕೂಡಿ ನುಡಿಸುವಾಗ ಪಕ್ಕದವನನ್ನು ಕೇಳಬೇಕು, ತನ್ನ ಸರದಿಗೆ ಕಾಯಬೇಕು, ತನ್ನ ಸದ್ದನ್ನು ತಗ್ಗಿಸಬೇಕು. ಪ್ರತಿಯೊಬ್ಬರೂ ಒಟ್ಟಿಗೆ ಮಾತನಾಡುವ ನಮ್ಮ ಸಭೆಗಳನ್ನು ನೋಡಿದರೆ, ಈ ಪಾಠ ನಮಗೆ ಗಣಿತಕ್ಕಿಂತ ಅಗತ್ಯವೇನೋ ಎನಿಸುತ್ತದೆ.

ಕನ್ನಡಿಗರಿಗಂತೂ ಈ ಮೇಷ್ಟರ ತಿರಸ್ಕಾರ ಶೋಭಿಸದು. ಪಂಜೆ ಮಂಗೇಶರಾಯರು ಶಾಲೆಯ ಮಕ್ಕಳನ್ನು ಕಣ್ಣ ಮುಂದಿಟ್ಟುಕೊಂಡು ಪದ್ಯ ಕಟ್ಟಿದರು; ಅವರನ್ನು ಸೋತ ಕವಿ ಎನ್ನುವ ಧೈರ್ಯ ಯಾರಿಗಿದೆ? ಬೇಂದ್ರೆಯವರು ಧಾರವಾಡದಲ್ಲಿ ಶಾಲೆಯ ಮಾಸ್ತರರಾಗಿದ್ದರು. ಕವಿಗೆ ಸಲ್ಲುವ ನ್ಯಾಯ ಪಿಟೀಲಿನವನಿಗೆ ಸಲ್ಲಬಾರದೇ?

ಪ್ರತಿ ಶಾಲೆಯಲ್ಲೂ ಒಬ್ಬ ಹೋಲ್ಸ್ಟ್ ಹುಟ್ಟುತ್ತಾನೆಂದು ನಾನು ಹೇಳುವುದಿಲ್ಲ. ಪ್ರತಿ ಗಣಿತದ ಮೇಷ್ಟರೂ ರಾಮಾನುಜನ್ನರಲ್ಲ. ಆದರೂ ಅವರಿಗೆ ಕಾಯಂ ಕೆಲಸ, ವೇಳಾಪಟ್ಟಿಯಲ್ಲಿ ಜಾಗ ಎರಡೂ ಇವೆ. ಸಂಗೀತದ ಮೇಷ್ಟರಿಗೂ ಅಷ್ಟೇ ಕೊಡಿ: ವಾರಕ್ಕೆ ಯಾರೂ ಕಸಿಯದ ಎರಡು ಪೀರಿಯಡ್ಡು, ವರ್ಷಪೂರ್ತಿ ಸಂಬಳ, ಬಾಗಿಲು ಮುಚ್ಚಬಹುದಾದ ಒಂದು ಕೋಣೆ. ವಾರ್ಷಿಕೋತ್ಸವಕ್ಕೆ ಹದಿನೈದು ದಿನ ಮೊದಲು ಅವರನ್ನು ಕರೆದು ಸಿನಿಮಾ ಹಾಡಿಗೆ ಮಕ್ಕಳನ್ನು ಸಜ್ಜುಮಾಡಿ ಎನ್ನುವ ಪದ್ಧತಿ ನಿಲ್ಲಲಿ. ಸೇಂಟ್ ಪಾಲ್ಸ್ ಶಾಲೆ ತನ್ನ ಮೇಷ್ಟರಿಗೆ ಕೊಟ್ಟದ್ದು ಸನ್ಮಾನಪತ್ರವಲ್ಲ, ಒಂದು ಕೋಣೆ. ಆ ಶಾಲೆಯ ಹೆಸರನ್ನು ಲೋಕ ಇಂದಿಗೂ ನುಡಿಸುತ್ತಿದೆ.